ಒಗರು ಮಾಗಿದ ಹೊತ್ತು

ಕೇಳುಗರೇ, ನಮಸ್ಕಾರ.

ಎಳೆ ಅಡಿಕೆ ಅಗಿದವರಿಗೆ, ಸರಿಯಾಗಿ ಹಣ್ಣಾಗದ ಗೇರುಹಣ್ಣು ಕಚ್ಚಿದವರಿಗೆ ಒಗರು ಅಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾಲಿಗೆ ಒರಟಾಗುತ್ತದೆ, ಒಸಡು ಬಿಗಿಯುತ್ತದೆ, ಬಾಯಿಯ ಪಸೆಯೆಲ್ಲ ಆರಿಹೋದ ಹಾಗಿರುತ್ತದೆ. ಇವತ್ತು ನಾನು ಮಾತಾಡುವುದು ಫ್ರಾನ್ಸಿನ ಒಂದು ಹಳೆಯ ಕೆಂಪು ವೈನ್ ಬಗ್ಗೆ. ಅದರ ವಯಸ್ಸನ್ನು ಅಳೆಯಲು ಒಗರಿಗಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ವೈನಿನ ಹೆಸರು ಶಾಟೊ ಲಿಯೋವಿಲ್ ಬಾರ್ಟನ್, 1996ರ ಸುಗ್ಗಿಯದು. ಬೋರ್ಡೋ ನಗರದಿಂದ ಉತ್ತರಕ್ಕೆ, ಜಿರೋಂಡ್ ಅಳಿವೆಯ ಎಡದಂಡೆಯಲ್ಲಿ ಸೇಂಟ್ ಜೂಲಿಯನ್ ಎಂಬ ಪುಟ್ಟ ಊರಿದೆ. ಈ ವೈನಿನ ದ್ರಾಕ್ಷಿ ತೋಟ ಇರುವುದು ಅಲ್ಲಿ. ಏನು ತಾನೇ ಬೆಳೆದೀತು ಅನ್ನಿಸುವಂಥ ಬೆಣಚುಕಲ್ಲಿನ ನೆಲ. ಆದರೆ ಆ ಕಲ್ಲೇ ಅವರ ಭಾಗ್ಯ. ಮಳೆನೀರು ನಿಲ್ಲುವುದಿಲ್ಲ, ಬೇರು ನೀರು ಹುಡುಕುತ್ತ ಆಳಕ್ಕೆ ಇಳಿಯುತ್ತದೆ. ಹಗಲೆಲ್ಲ ಕಾದ ಕಲ್ಲು ಸಂಜೆಯ ಮೇಲೂ ಬಿಸಿ ಬಿಡುತ್ತಿರುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಗೆ ಅದು ಬೇಕೇ ಬೇಕು. ಹೊಳೆ ಕಾಣುವ ಬಳ್ಳಿಯ ವೈನೇ ವೈನು ಎಂದು ಆ ಕಡೆ ಒಂದು ಮಾತಿದೆ.

ಐರ್ಲೆಂಡ್ ಮೂಲದ ಬಾರ್ಟನ್ ಮನೆತನ 1826ರಲ್ಲಿ ಈ ತೋಟ ಕೊಂಡಿತು. ಇವತ್ತಿಗೂ ಅವರ ಕೈಯಲ್ಲೇ ಇದೆ. ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟ 1855ರ ಪ್ರಸಿದ್ಧ ಪಟ್ಟಿಯಲ್ಲಿ ಇದಕ್ಕೆ ಎರಡನೇ ದರ್ಜೆ. 1983ರಿಂದ ತೋಟ ನೋಡಿಕೊಂಡ ಆಂಥೊನಿ ಬಾರ್ಟನ್, ಸುತ್ತಲಿನವರು ಬೆಲೆ ಏರಿಸುತ್ತಿದ್ದಾಗಲೂ ಮಿತಿ ಮೀರಲಿಲ್ಲ. ವೈನ್ ಇರುವುದು ಕುಡಿಯುವವರಿಗೆ ಎಂದು ನಂಬಿದವರು. 2022ರಲ್ಲಿ ತೀರಿಕೊಂಡರು. ನನಗೆ ಅವರ ಮೇಲೆ ತುಂಬ ಗೌರವ.

ಈಗ ಬಾಟಲಿಗೆ ಬರೋಣ. ಹಳೆಯ ವೈನನ್ನು ತಂದ ತಕ್ಷಣ ತೆರೆಯಬಾರದು. ನಾನು ಎರಡು ದಿನ ನೆಟ್ಟಗೆ ನಿಲ್ಲಿಸಿಟ್ಟೆ. ಒಳಗಿನ ಗಸಿ ತಳಕ್ಕೆ ಇಳಿಯಲಿ ಅಂತ. ಬಿರಡೆ ತೆಗೆಯುವಾಗ ಎದೆ ಡವಡವ ಅಂದದ್ದು ನಿಜ. ಹಳೇ ಬಿರಡೆ ಪುಡಿಯಾಗುತ್ತದೆ. ಅದಕ್ಕೇ ತಿರುಪಿನ ಬದಲು, ಎರಡು ತೆಳು ಅಲಗುಗಳನ್ನು ಬಿರಡೆಯ ಪಕ್ಕದಲ್ಲಿ ಇಳಿಸಿ ಮೆಲ್ಲಗೆ ತಿರುಗಿಸುತ್ತ ಎಳೆಯುವ ಸಾಧನ ಬಳಸಿದೆ. ಇಡಿಯಾಗಿ ಬಂತು. ಮೊದಲು ಮೂಸಿ ನೋಡಿದೆ. ಹಿಂದೊಮ್ಮೆ ಒಂದು ಒಳ್ಳೆಯ ಬಾಟಲಿ, ನೆನೆದ ರಟ್ಟಿನ ಮುಗ್ಗಲು ವಾಸನೆ ಬಂದು ಕೈಬಿಟ್ಟಿತ್ತು. ಬಿರಡೆಯಿಂದ ಬರುವ ಆ ದೋಷ ಗಾಳಿಗೆ ಇಟ್ಟರೂ ಹೋಗುವುದಿಲ್ಲ. ಈ ಸಲ ಅದರ ಸುಳಿವಿರಲಿಲ್ಲ.

ಬಾಟಲಿಯ ಕುತ್ತಿಗೆಯ ಹಿಂದೆ ಮೇಣದಬತ್ತಿ ಹಚ್ಚಿಟ್ಟು ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಿದೆ. ಕಾಫಿ ಚರಟದಂಥ ಗಸಿ ಕುತ್ತಿಗೆ ಹತ್ತಿರ ಬಂದದ್ದು ಬೆಳಕಿನಲ್ಲಿ ಕಂಡಿತು. ನಿಲ್ಲಿಸಿಬಿಟ್ಟೆ.

ಆ ಗಸಿಯಲ್ಲೇ ಕತೆ ಇದೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರು ಹೋಗಿ ಒಗರಾಗುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳು ತಮ್ಮಲ್ಲೇ ಬೆಸೆದುಕೊಂಡು, ಬಣ್ಣವನ್ನೂ ಸೇರಿಸಿಕೊಂಡು, ದೊಡ್ಡವಾಗಿ ತಳಕ್ಕೆ ಬೀಳುತ್ತವೆ. ಮೇಲಿನ ವೈನ್ ತಿಳಿಯಾಗುತ್ತದೆ, ಮೆತ್ತಗಾಗುತ್ತದೆ.

ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿ ನೋಡಿದೆ. ನಡುವೆ ಇನ್ನೂ ಗಾಢ ಕೆಂಪು, ಅಂಚಿನಲ್ಲಿ ಸುಟ್ಟ ಇಟ್ಟಿಗೆಯ ಬಣ್ಣ. ಪರಿಮಳ ಮೊದಲು ಮುದುಡಿಕೊಂಡೇ ಇತ್ತು. ಅರ್ಧ ಗಂಟೆ ಬಿಟ್ಟು ಮೂಸಿದೆ. ಪೆನ್ಸಿಲ್ ಚೂಪು ಮಾಡಿದಾಗ ಬರುವ ಮರದ ವಾಸನೆ ಬಂತು. ಹಿಂದೆಯೇ ಒಣ ತಂಬಾಕು. ಹುಣಸೂರಿನ ಕಡೆ ತಂಬಾಕು ಒಣಗಿಸುವ ಬ್ಯಾರನ್‌ಗಳ ಪಕ್ಕ ಹಾದುಹೋದವರಿಗೆ ಆ ಘಮ ಗೊತ್ತು, ಅಲ್ವಾ? ಅದರಡಿಯಲ್ಲಿ ಹಣ್ಣು. ವೈನ್ ಬಲ್ಲವರು ಬ್ಲ್ಯಾಕ್ ಕರೆಂಟ್ ಎಂಬ ಪುಟ್ಟ ಕಪ್ಪು ಹಣ್ಣಿನ ಹೆಸರು ಹೇಳುತ್ತಾರೆ. ನನಗೆ ನೆನಪಾದದ್ದು ಕಳಿತ ನೇರಳೆ.

ಒಂದು ಗುಟುಕು ಬಾಯಲ್ಲಿ ಆಡಿಸಿದೆ. ಹುಳಿ ಚುರುಕಾಗಿದೆ, ವೈನನ್ನು ಎತ್ತಿ ಹಿಡಿದಿರುವುದು ಅದೇ. 1996ರಲ್ಲಿ ಆ ದಂಡೆಯ ಕ್ಯಾಬರ್ನೆ ಚೆನ್ನಾಗಿ ಬಲಿತಿತ್ತು. ಅದಕ್ಕೇ ಒಗರು ಇನ್ನೂ ಇದೆ, ಆದರೆ ಒರಟಲ್ಲ. ಒಳ್ಳೆಯ ನೇರಳೆ ತಿಂದ ಮೇಲೆ ನಾಲಿಗೆಯ ಮೇಲೆ ಉಳಿಯುತ್ತದಲ್ಲ, ಹಾಗೆ. ಒಂದೇ ಕೊರತೆ: ಗುಟುಕಿನ ನಡುವಿನಲ್ಲಿ ರುಚಿ ಸ್ವಲ್ಪ ಬಿಗಿ. ಸುಮ್ನೆ ಕುಡಿದರೆ ಗಂಭೀರ ಅನ್ನಿಸೀತು. ಹುರಿದ ಕುರಿಮಾಂಸದ ಜೊತೆ ಆ ಬಿಗಿಯೂ ಸಡಿಲಿತು.

ಇಪ್ಪತ್ತಕ್ಕೆ ನಾನು ಹದಿನೆಂಟು ಕೊಡುತ್ತೇನೆ. ತಂಪಾದ ಕತ್ತಲೆ ಕೋಣೆಯಲ್ಲಿ ಮಲಗಿಸಿಟ್ಟಿದ್ದರೆ ಇನ್ನೂ ಕೆಲವು ವರ್ಷ ಬಾಳುತ್ತದೆ. ಆದರೆ ಹೂಜಿಗೆ ಬಗ್ಗಿಸಿದ ಮೇಲೆ ಜಾಸ್ತಿ ಹೊತ್ತು ಕಾಯಬೇಡಿ. ಎರಡು ಗಂಟೆ ಕಳೆಯುವಷ್ಟರಲ್ಲಿ ನನ್ನ ಲೋಟದಲ್ಲಿ ನೇರಳೆ ಮರೆಯಾಗಿತ್ತು. ಪೆನ್ಸಿಲ್ ಮರದ ವಾಸನೆ ಮಾತ್ರ ಖಾಲಿ ಲೋಟದಲ್ಲಿ ಮರುದಿನ ಬೆಳಗ್ಗೆಯೂ ಇತ್ತು.

ನಮಸ್ಕಾರ.