ಬಿಲ್ಲಿನ ಹಿಂದೆ ಬರೆಸಿಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ.

ಹಬ್ಬದ ಮಾರಾಟದ ಜಾಹೀರಾತುಗಳು ಪತ್ರಿಕೆಯ ಮುಖಪುಟವನ್ನೇ ಆವರಿಸಿಕೊಂಡಿರುವ ದಿನಗಳಿವು. ಟಿವಿ, ಫ್ರಿಜ್, ವಾಷಿಂಗ್ ಮಷಿನ್, ಯಾವುದನ್ನೇ ಆಗಲಿ ಹತ್ತು ಬಗೆ ನೋಡಿ ಆರಿಸಬೇಕೆಂದರೆ ನಮ್ಮ ಜಿಲ್ಲೆಯವರು ಸಾಮಾನ್ಯವಾಗಿ ಊರು ಬಿಟ್ಟು ಹೊರಡುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡಿನವರು ಹುಬ್ಬಳ್ಳಿಯ ಮಾಲ್‌ಗಳಿಗೆ ಹೋಗುತ್ತಾರೆ. ಕಾರವಾರದವರು ಕಾಳಿ ಸೇತುವೆ ದಾಟಿ ಗೋವಾಕ್ಕೆ, ಹೊನ್ನಾವರ, ಭಟ್ಕಳದವರು ಮಂಗಳೂರಿಗೆ. ಬೆಳಿಗ್ಗೆ ಬಸ್ಸು ಹತ್ತಿ, ಸಂಜೆಯ ಕೊನೆಯ ಬಸ್ಸು ತಪ್ಪೀತೆಂಬ ಅವಸರದಲ್ಲಿ ಮೂವತ್ತು ನಲವತ್ತು ಸಾವಿರ ರೂಪಾಯಿಯ ವ್ಯವಹಾರ ಮುಗಿಸಿ ಬರುತ್ತೇವೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಲೀಟರಿನದು ಸಾಕು ಎಂದು ಹೇಳಲು ನಾನು ಬಂದಿಲ್ಲ. ಅದನ್ನು ನಿಮ್ಮ ಮನೆಯ ಮಕ್ಕಳೇ ಮೊಬೈಲ್ ನೋಡಿ ಹೇಳುತ್ತಾರೆ. ಕಾರವಾರದಲ್ಲಿ ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ವಕೀಲೆಯಾಗಿ ನನ್ನ ಬಳಿ ಇರುವುದು ಒಂದೇ ಮಾತು. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿ, ಅಂಗಡಿಯ ಮೊಹರು ಒತ್ತಿಸಿಕೊಂಡು ಬನ್ನಿ.

ಇಷ್ಟೇನಾ ಎಂದು ರೇಡಿಯೊ ಬಂದ್ ಮಾಡುವ ಮೊದಲು ದಯವಿಟ್ಟು ಕೇಳಿ. ನನ್ನ ಕಚೇರಿಗೆ ಬರುವವರಲ್ಲಿ ಬಹುತೇಕರು ಕುರ್ಚಿಯಲ್ಲಿ ಕೂತೊಡನೆ ಆಡುವ ಮಾತು, "ಮೇಡಂ, ಅಂಗಡಿಯಲ್ಲಿ ಹಾಗೆ ಹೇಳಿದ್ದರು." ಯಾರು ಹೇಳಿದ್ದು, ಎಲ್ಲಿ ಬರೆದುಕೊಟ್ಟಿದ್ದಾರೆ ಎಂದು ನಾನು ಕೇಳುತ್ತೇನೆ. ಅಲ್ಲಿಗೆ ಅವರ ಮಾತು ನಿಲ್ಲುತ್ತದೆ. ಬಣ್ಣದ ಟೀಶರ್ಟ್ ಹಾಕಿದ್ದ ಹುಡುಗ, ಬಹಳ ಮರ್ಯಾದೆಯಿಂದ ಮಾತನಾಡಿದ, ಕುಡಿಯಲು ನೀರು ತಂದುಕೊಟ್ಟ ಎನ್ನುತ್ತಾರೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ದೊಡ್ಡ ಮಳಿಗೆಗಳಲ್ಲಿ ಒಂದೊಂದು ಕಂಪನಿಯ ವಸ್ತುವಿನ ಮುಂದೆ ನಿಲ್ಲುವ ಹುಡುಗ ಹುಡುಗಿಯರು ಅನೇಕ ಕಡೆ ಆ ಮಳಿಗೆಯ ನೌಕರರೇ ಅಲ್ಲ. ಆಯಾ ಕಂಪನಿಯ ಪರವಾಗಿ ಮಾರಲು ನಿಂತವರು ಅವರು. ತಿಂಗಳಿಗೆ ಇಷ್ಟು ಮಾರಬೇಕೆಂಬ ಗುರಿ ಅವರ ತಲೆಯ ಮೇಲಿರುತ್ತದೆ, ಹೆಚ್ಚು ಮಾರಿದರೆ ಸಂಬಳದ ಮೇಲೆ ಒಂದಿಷ್ಟು ಸಿಗುತ್ತದೆ. ಮುಂದಿನ ವರ್ಷ ನೀವು ದೂರು ಹಿಡಿದು ಹೋದಾಗ ಆ ಹುಡುಗ ಅಲ್ಲಿ ಇರುವುದಿಲ್ಲ. ಅವನು ನಮ್ಮವನೇ ಅಲ್ಲ ಎಂದು ಮ್ಯಾನೇಜರ್ ಹೇಳುತ್ತಾರೆ. ಅವನ ಮಾತಿಗೆ ಮಳಿಗೆ ಜವಾಬ್ದಾರಿ ಹೊರಬೇಕೆಂದಿದ್ದರೆ ಆ ಮಾತು ಮಳಿಗೆಯ ಬಿಲ್ಲಿನ ಮೇಲೆ, ಮಳಿಗೆಯ ಮೊಹರಿನ ಜೊತೆಗೆ ಇರಬೇಕು.

ಇದಕ್ಕೆ ನಾನು ಎಲ್ಲ ಕಡೆ ಹೇಳುವ ಒಂದು ಪ್ರಸಂಗವಿದೆ. ಅಂಕೋಲೆ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ. ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಅಕ್ಕೋರು ಎನ್ನುತ್ತೇನೆ. ಹುಬ್ಬಳ್ಳಿಗೆ ಮದುವೆಗೆಂದು ಹೋದವರು, ಮರುದಿನ ಅಲ್ಲಿಯ ಒಂದು ಮಾಲ್‌ನಲ್ಲಿ ಎರಡು ಬಾಗಿಲಿನ ಫ್ರಿಜ್ ನೋಡಿದರು. ಹುಡುಗ ವಿವರಿಸುತ್ತ ಹೋದ. ಇನ್ವರ್ಟರ್ ತಂತ್ರಜ್ಞಾನ, ಹತ್ತು ವರ್ಷ ವಾರಂಟಿ, ಸ್ಟೆಬಿಲೈಸರ್ ಬೇಡವೇ ಬೇಡ, ಕೆಟ್ಟರೆ ಮನೆಗೇ ಬಂದು ಸರಿಮಾಡಿ ಹೋಗುತ್ತಾರೆ. ಅಕ್ಕೋರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ತಮ್ಮಾ, ಹತ್ತು ವರ್ಷ ಎಂದೆಯಲ್ಲ, ಯಾವುದಕ್ಕೆ?" ಹುಡುಗ ತಡವರಿಸಿ, "ಕಂಪ್ರೆಸರ್‌ಗೆ ಮೇಡಂ" ಎಂದ. "ಉಳಿದದ್ದಕ್ಕೆ?" "ಉಳಿದದ್ದಕ್ಕೆ ಕಂಪನಿಯದು ಒಂದು ವರ್ಷ. ಈಗ ಹಬ್ಬದ ಆಫರ್ ಇದೆ, ನಮ್ಮ ಮಳಿಗೆಯಿಂದ ಎರಡು ವರ್ಷ ಹೆಚ್ಚು, ದುಡ್ಡಿಲ್ಲದೆ." ಒಟ್ಟು ಮೂರು ವರ್ಷ ಎಂದಾಯಿತು. ಒಂದೇ ಪ್ರಶ್ನೆಗೆ ಹತ್ತು ಮೂರಕ್ಕೆ ಇಳಿಯಿತು ನೋಡಿ! ಇಲ್ಲಿಯವರೆಗೆ ಬಹಳ ಜನ ಬರುತ್ತಾರೆ. ಅಕ್ಕೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಣ ಕೊಟ್ಟು ಬಿಲ್ಲು ಪಡೆದ ಮೇಲೆ ಅದನ್ನು ತಿರುಗಿಸಿ ಹುಡುಗನ ಮುಂದಿಟ್ಟು, ತಮ್ಮ ಪೆನ್ನನ್ನೇ ಕೊಟ್ಟು, "ಈಗ ಹೇಳಿದ್ದನ್ನೆಲ್ಲ ಇಲ್ಲಿ ಬರೆ" ಎಂದರು. ಅವನು ಗೊಂದಲಕ್ಕೆ ಬಿದ್ದು ಕೌಂಟರಿನವರ ಮುಖ ನೋಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. ಅಕ್ಕೋರು ಅಲುಗಲಿಲ್ಲ. "ನೀನು ಹೇಳಿದ್ದು ನಿಜ ತಾನೇ? ನಿಜವಾದರೆ ಬರೆಯಲು ಏನು ಕಷ್ಟ?" ಎಂದರು. ಅವನು ಕನ್ನಡದಲ್ಲಿಯೇ ಬರೆದ: ಪೂರ್ತಿ ಯಂತ್ರಕ್ಕೆ ಮೂರು ವರ್ಷ ವಾರಂಟಿ, ಸ್ಟೆಬಿಲೈಸರ್ ಬೇಡ, ಮನೆಗೆ ಬಂದು ದುರಸ್ತಿ, ಪ್ರಯಾಣದ ಖರ್ಚು ಇಲ್ಲ. ಕೌಂಟರಿನವರು ಸಾಲು ಕರಗಿದರೆ ಸಾಕೆಂದು ಸಹಿ ಮಾಡಿ ಮೊಹರು ಒತ್ತಿದರು.

ಮರುವರ್ಷದ ಮಳೆಗಾಲ. ನಮ್ಮ ಕರಾವಳಿಯ ಮಳೆಗಾಲದ ಕರೆಂಟ್ ನಿಮಗೆ ಗೊತ್ತಿದೆ. ಗಾಳಿಗೆ ಮರ ಬಿತ್ತು, ತಂತಿ ತುಂಡಾಯಿತು, ಬಂದ ಕರೆಂಟ್ ಒಮ್ಮೆ ಮಂಕು, ಒಮ್ಮೆ ಝಗ್ಗೆಂದು ಜಾಸ್ತಿ. ಒಂದು ರಾತ್ರಿ ಫ್ರಿಜ್ ನಿಂತಿತು. ಅಕ್ಕೋರು ಕಂಪನಿಯ ದೂರವಾಣಿಗೆ ಕರೆ ಮಾಡಿದರು. ಒಂದನ್ನು ಒತ್ತಿ, ಎರಡನ್ನು ಒತ್ತಿ, ಆಮೇಲೆ ಸಂಗೀತ, ಆಮೇಲೆ ದೂರಿನ ಸಂಖ್ಯೆ, 48 ಗಂಟೆಯಲ್ಲಿ ಬರುತ್ತೇವೆಂಬ ಭರವಸೆ. ಯಾರೂ ಬರಲಿಲ್ಲ. ಬಂದದ್ದು ನಿಮ್ಮ ದೂರು ಪರಿಹಾರವಾಗಿದೆ ಎಂಬ ಸಂದೇಶ! ಅಕ್ಕೋರು ಪ್ರತಿ ಕರೆಯ ದಿನಾಂಕ, ಸಮಯ, ದೂರಿನ ಸಂಖ್ಯೆ, ಮಾತನಾಡಿದವರ ಹೆಸರು ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರು. ಕೊನೆಗೆ ಒಬ್ಬ ತಂತ್ರಜ್ಞ ಬಂದ. ಹಿಂದಿನ ಮುಚ್ಚಳ ತೆಗೆದು ನೋಡಿ, ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿದೆ, ವೋಲ್ಟೇಜ್ ಏರಿಳಿತದಿಂದ ಆದದ್ದು, ಇದು ವಾರಂಟಿಯಲ್ಲಿ ಬರುವುದಿಲ್ಲ ಎಂದ. ಬೋರ್ಡಿನ ಬೆಲೆ, ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬಂದ ಖರ್ಚು, ಎಲ್ಲ ಸೇರಿಸಿ ಚೀಟಿ ಕೊಟ್ಟ. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ ನಿಜಕ್ಕೂ ಹಾಗೇ ಇತ್ತು. ನಿಮ್ಮ ಮನೆಯ ಕಾರ್ಡುಗಳನ್ನೂ ಇವತ್ತು ತೆಗೆದು ನೋಡಿ. ವೋಲ್ಟೇಜ್ ಏರಿಳಿತ, ಸಿಡಿಲು, ತುಕ್ಕು, ಇಲಿ, ಹಲ್ಲಿ, ಇರುವೆ, ಇವುಗಳಿಂದ ಆದ ಹಾನಿಗೆ ಹೊಣೆಯಿಲ್ಲ ಎಂಬ ಅರ್ಥದ ಸಾಲುಗಳು ಅನೇಕ ಕಾರ್ಡುಗಳಲ್ಲಿ ಸಿಗುತ್ತವೆ. ಪುರಸಭೆಯ ಗಡಿಯಾಚೆಗೆ ಬಂದರೆ ಪ್ರಯಾಣವೆಚ್ಚ ಗ್ರಾಹಕರದು ಎಂದೂ ಇರುತ್ತದೆ. ಸಮುದ್ರದ ಉಪ್ಪುಗಾಳಿ, ಮಳೆ, ಸಿಡಿಲು, ಹಲ್ಲಿ! ಇವನ್ನೆಲ್ಲ ತೆಗೆದರೆ ನಮ್ಮ ಜಿಲ್ಲೆಯಲ್ಲಿ ಯಂತ್ರ ಕೆಡಲು ಬೇರೆ ಯಾವ ಕಾರಣ ಉಳಿಯಿತು?

ಅಕ್ಕೋರು ಬಿಲ್ಲು ಹಿಡಿದು ನನ್ನಲ್ಲಿಗೆ ಬಂದರು. ಮುಂಭಾಗ ನೋಡಿದರೆ ಬರಿ ಬಿಳಿ. ಕೌಂಟರುಗಳಲ್ಲಿ ಕೊಡುವ ನುಣುಪಾದ ಬಿಲ್ಲು ಶಾಯಿಯಿಂದ ಅಚ್ಚಾದದ್ದಲ್ಲ. ಕಾಗದಕ್ಕೇ ಲೇಪಿಸಿದ ರಾಸಾಯನಿಕ ಬಿಸಿ ತಾಗಿ ಕಪ್ಪಾಗುವುದರಿಂದ ಮೂಡುವ ಅಕ್ಷರಗಳವು. ನಮ್ಮ ಸೆಕೆಗೆ, ತೇವಕ್ಕೆ, ಪ್ಲಾಸ್ಟಿಕ್ ಚೀಲದೊಳಗಿನ ಬೆವರಿಗೆ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತವೆ. ಆದರೆ ಹಿಂಭಾಗದಲ್ಲಿ ಬಾಲ್‌ಪೆನ್ನಿನಿಂದ ಬರೆದದ್ದು, ಸಹಿ, ಮೊಹರು ಎಲ್ಲ ಹಾಗೇ ಇತ್ತು. ಮುಂಭಾಗದ್ದನ್ನು ಅಂಗಡಿಯಿಂದಲೇ ತೆಗೆಸಬಹುದು. ಜಿಎಸ್‌ಟಿ ಕಾನೂನಿನಂತೆ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಅಕ್ಕೋರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ದಿನಾಂಕವೂ ಮೊತ್ತವೂ ಇತ್ತು. ಮಳಿಗೆಗೆ ಕಳಿಸಿದ ನೋಟಿಸಿನಲ್ಲಿ ನಾನು ಬರೆದದ್ದು ಇಷ್ಟೇ. ವೋಲ್ಟೇಜ್ ಕಾರಣವೆಂದು ನೀವು ಹೇಳುತ್ತೀರಿ, ಸ್ಟೆಬಿಲೈಸರ್ ಬೇಡವೆಂದು ನಿಮ್ಮದೇ ಮೊಹರಿನಡಿ ಬರೆದುಕೊಟ್ಟವರೂ ನೀವೇ, ಪ್ರತಿ ಲಗತ್ತಿಸಿದ್ದೇನೆ. ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಆ ಹುಡುಗ ಕೆಲಸ ಬಿಟ್ಟಿದ್ದಾನೆ, ಅವನು ಕಂಪನಿಯ ಕಡೆಯವನು ಎಂದು ಮೊದಲು ಫೋನಿನಲ್ಲಿ ಹೇಳಿ ನೋಡಿದರು. ಹುಡುಗ ಯಾರ ಕಡೆಯವನೇ ಇರಲಿ, ಮೊಹರು ಯಾರದು ಎಂದು ಕೇಳಿದೆ. ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವ ಮೊದಲೇ ಹೊಸ ಬೋರ್ಡ್ ಬಂತು, ಹಾಕಿಕೊಟ್ಟರು, ಒಂದು ರೂಪಾಯಿ ಕೇಳಲಿಲ್ಲ. ಅದೇ ಮಾಲ್‌ನಲ್ಲಿ, ಅದೇ ಹಬ್ಬದಲ್ಲಿ, ಅದೇ ಮಾತು ಕೇಳಿ ಫ್ರಿಜ್ ತಂದವರು ಇನ್ನೂ ಎಷ್ಟು ಮಂದಿಯೋ! ಅವರಲ್ಲಿ ಯಾರ ಬಿಲ್ಲಿನ ಹಿಂದೆ ಏನಿದೆ?

ಈ ಪ್ರಸಂಗಕ್ಕೇ ಹೆಚ್ಚು ಸಮಯ ಹೋಯಿತು, ಆದರೆ ಹೇಳಲೇಬೇಕಿತ್ತು. ಈಗ ಕಾನೂನಿನ ಮಾತನ್ನು ಬೇಗ ಹೇಳುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಜಾರಿಗೆ ಬಂದದ್ದು 2020ರ ಜುಲೈ 20ರಂದು. ವಸ್ತುವಿನ ಗುಣದ ಬಗ್ಗೆ, ವಾರಂಟಿಯ ಬಗ್ಗೆ ಸುಳ್ಳು ಹೇಳುವುದು, ಬಾಯಲ್ಲಿ ಹೇಳಿದರೂ ಸರಿ, ಬರೆದರೂ ಸರಿ, ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೇಳುತ್ತದೆ. ಬಾಯಿಮಾತಿಗೂ ಕಾನೂನಿನಲ್ಲಿ ಬೆಲೆಯಿದೆ, ನಿಜ. ಸಾಕ್ಷಿ ಎಲ್ಲಿಂದ ತರುತ್ತೀರಿ? ಆದ್ದರಿಂದಲೇ ಬರೆಸಿಕೊಳ್ಳಿ ಎನ್ನುತ್ತಿದ್ದೇನೆ. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿಯೇ. ಮಾರಿದ ವಸ್ತುವನ್ನು ಹಿಂಪಡೆಯುವುದಿಲ್ಲ ಎಂಬ ಫಲಕ ಕಂಡು ಹಿಂಜರಿಯಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಹಿಂಪಡೆಯಲು ನಿರಾಕರಿಸುವುದನ್ನೂ ಅದೇ ಕಾಯ್ದೆ ತಪ್ಪೆನ್ನುತ್ತದೆ.

ನಮ್ಮ ಜಿಲ್ಲೆಗೆ ಅತ್ಯಂತ ಉಪಯೋಗದ ಬದಲಾವಣೆ ಇನ್ನೊಂದಿದೆ. 1986ರ ಹಳೆಯ ಕಾಯ್ದೆಯಲ್ಲಿ ಹುಬ್ಬಳ್ಳಿಯ ಅಂಗಡಿಯ ಮೇಲಿನ ದೂರಿಗೆ ಸಾಮಾನ್ಯವಾಗಿ ಅತ್ತ ಕಡೆಗೇ ಓಡಾಡಬೇಕಿತ್ತು. ಈಗ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಜೊಯಿಡಾದವರು ಹುಬ್ಬಳ್ಳಿಯಲ್ಲಿ ಕೊಳ್ಳಲಿ, ಸದಾಶಿವಗಡದವರು ಮಡಗಾಂವಿನಲ್ಲಿ ಕೊಳ್ಳಲಿ, ದೂರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಡೆಯುತ್ತದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಬನ್ನಿ. ಬರುವಾಗ ಬಿಲ್ಲು ತನ್ನಿ. ಬಿಲ್ಲಿನ ಹಿಂದೆ ಬರೆಸಿಕೊಂಡಿರಿ.

ಹೇಳಬೇಕೆಂದುಕೊಂಡಿದ್ದ ಉಳಿದವುಗಳಿಗೆ ಒಂದೊಂದು ವಾಕ್ಯ ಮಾತ್ರ ಸಾಧ್ಯ. ಬಿಲ್ಲನ್ನು ಅಂದೇ ಜೆರಾಕ್ಸ್ ಮಾಡಿಸಿ, ಫೋಟೊ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆಯೂ ಬಿಲ್ಲಿನಲ್ಲಿ ಬರೆದ ಸೀರಿಯಲ್ ಸಂಖ್ಯೆಯೂ ಒಂದೇ ಇದೆಯೇ ನೋಡಿ. ಮೊಬೈಲಾದರೆ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ, ಅದನ್ನು ಅಲ್ಲೇ ಬಿಲ್ಲಿನೊಂದಿಗೆ ಹೋಲಿಸಿ. ಹೆಚ್ಚುವರಿ ವಾರಂಟಿಗೆ ಹಣ ಕೇಳಿದರೆ ಯಾವ ಕಂಪನಿಯ ಹೆಸರಿನಲ್ಲಿ ರಸೀದಿ ಎಂದು ಕೇಳಿ. ಯಂತ್ರ ತಯಾರಿಸಿದವರದ್ದಲ್ಲದ ಹೆಸರು ಬಂದರೆ ಷರತ್ತುಗಳನ್ನು ಓದದೆ ಹಣ ಕೊಡಬೇಡಿ. ಬಡ್ಡಿಯಿಲ್ಲದ ಕಂತು ಎಂದರೆ, ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ, ಬಡ್ಡಿ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಸಿಗೆ, 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಆ ಸಾಲನ್ನು ಓದಿ. ಸಮುದ್ರದ ದಂಡೆಯ ಮನೆಯವರು ಎಸಿ ಕೊಳ್ಳುವಾಗ ಹೊರಗಿನ ಘಟಕಕ್ಕೆ ತುಕ್ಕು ಹಿಡಿದರೆ ಯಾರ ಹೊಣೆ ಎಂದು ಕೇಳಿ. ಉತ್ತರ ಏನೇ ಬರಲಿ, ಬರೆಸಿಕೊಳ್ಳಿ.

ನಾಚಿಕೆಯಾಗುತ್ತದೆ, ಹಿಂದೆ ಜನ ನಿಂತಿರುತ್ತಾರೆ, ಅಂಗಡಿಯವರು ಏನೆಂದುಕೊಂಡಾರು ಎಂದು ನನಗೆ ಎಷ್ಟೋ ಜನ ಹೇಳುತ್ತಾರೆ. ಕೇಳುಗರೇ, ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡದೆ ನೀವು ಹಣ ಕೊಡುವುದಿಲ್ಲ. ಆ ಸಲುಗೆಯನ್ನು ನುಣುಪು ನೆಲದ, ತಣ್ಣನೆ ಗಾಳಿಯ ಮಳಿಗೆಗೂ ಕೊಂಡೊಯ್ಯಿರಿ. ಅಲ್ಲಿರುವವರೂ ನಮ್ಮಂಥವರೇ. ಗದರಬೇಕಾಗಿಲ್ಲ, ಅಕ್ಕೋರ ಹಾಗೆ ಪೆನ್ನು ಮುಂದಿಟ್ಟು ನಿಂತರೆ ಸಾಕು. ಬರೆಯಲು ಒಪ್ಪದಿದ್ದರೆ ಪಕ್ಕದ ಮಳಿಗೆಗೆ ಹೋಗಿ.

ಈಗಾಗಲೇ ಕೊಂಡು ಕಷ್ಟಕ್ಕೆ ಸಿಲುಕಿದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು. ಸಂಖ್ಯೆ ಬರೆದುಕೊಳ್ಳಿ: 1915. ಇನ್ನೊಮ್ಮೆ ಹೇಳುತ್ತೇನೆ, ಒಂದು, ಒಂಬತ್ತು, ಒಂದು, ಐದು. ನಮಸ್ಕಾರ.