ಹೊತ್ತು ಗೊತ್ತು ಮಾಡಿ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬರೆಯೋಣ ಅಂತ ಕೂತರೆ ಒಂದಕ್ಷರವೂ ಹೊರಡುವುದಿಲ್ಲ, ಏನು ಮಾಡಲಿ? ಬರವಣಿಗೆಯ ಕಮ್ಮಟಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಈಗ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೆಲಸ ಮಾಡುತ್ತಿರುವ ತಾಯಂದಿರಲ್ಲಿ, ನಿವೃತ್ತಿಯಾಗಿ ಮನೆಯಲ್ಲಿರುವ ಮೇಷ್ಟ್ರುಗಳಲ್ಲಿ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಅಂತ ಅರ್ಧ ಕಥೆ ಬರೆದು ಬೀರುವಿನಲ್ಲಿ ಇಟ್ಟವರು ಎಷ್ಟು ಜನ ಇದ್ದೀರೋ! ನಿಮಗೆ ನಾನು ಹೇಳುವುದು ಒಂದೇ ಮಾತು. ಹೊತ್ತು ಗೊತ್ತು ಮಾಡಿ ಕೂತುಕೊಳ್ಳಿ. ದಿನಾ ಅದೇ ಹೊತ್ತು, ಅದೇ ಜಾಗ. ಬರವಣಿಗೆ ಬರಲಿ, ಬಿಡಲಿ, ಕೂತುಕೊಳ್ಳಿ.

"ಅದಕ್ಕೆ ಮೂಡ್ ಬರಬೇಕಲ್ಲ ಸಾರ್" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಕ್ಷಮಿಸಿ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವವರು ರಂಗೋಲಿಗೆ ಮೂಡ್ ಬರಲಿ ಅಂತ ಹೊಸ್ತಿಲಲ್ಲಿ ಕಾಯುತ್ತಾರಾ? ಸುಮ್ನೆ ಚುಕ್ಕಿ ಇಡುತ್ತಾ ಹೋಗುತ್ತಾರೆ. ನಾಲ್ಕು ಸಾಲು ಚುಕ್ಕಿ ಬಿದ್ದ ಮೇಲೆ ಗೆರೆ ಯಾವ ಕಡೆ ತಿರುಗಬೇಕು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ.

ಒಬ್ಬರ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟವಾದ ಕಥೆ. ಆಂಟನಿ ಟ್ರಾಲಪ್ ಅಂತ, ಇಂಗ್ಲೆಂಡಿನ ಕಾದಂಬರಿಕಾರ. ಹುಟ್ಟಿದ್ದು 1815ರಲ್ಲಿ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ಕೆಲಸ. ಬ್ರಿಟನ್ನಿನವರು ರಸ್ತೆ ಬದಿಯಲ್ಲಿ ಅಂಚೆ ಡಬ್ಬ ನಿಲ್ಲಿಸಲು ಶುರು ಮಾಡಿದ್ದು ಇವರ ಸಲಹೆಯಿಂದ. 1852ರಲ್ಲಿ ಜರ್ಸಿ ದ್ವೀಪದಲ್ಲಿ ಮೊದಲು ಇಟ್ಟು ನೋಡಿದರು. ಹೀಗೆ ಊರೂರು ಸುತ್ತುವ ನೌಕರಿ. ಬರೆಯಲು ಪುರುಸೊತ್ತೆಲ್ಲಿ?

ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದರು. ತಮ್ಮನ್ನು ಎಬ್ಬಿಸಿ ಕಾಫಿ ಕೊಡುವುದಕ್ಕೇ ಅಂತ ಕುದುರೆ ನೋಡಿಕೊಳ್ಳುವ ಮುದುಕನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರು. ನನ್ನ ಗೆಲುವಿನಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಆ ಮುದುಕನದೇ ಇರಬೇಕು ಅನ್ನುವ ಅರ್ಥದಲ್ಲಿ ಆಮೇಲೆ ಬರೆದುಕೊಂಡಿದ್ದಾರೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ತಿಂಡಿಯ ಹೊತ್ತಿಗೆ ಆ ದಿನದ ಬರವಣಿಗೆ ಮುಗಿದಿರುತ್ತಿತ್ತು. ರೈಲಿನಲ್ಲಿ ಹೋಗುವಾಗ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಹೆಂಡತಿ ಅದನ್ನು ನಕಲು ಮಾಡಿ ಕೊಡುತ್ತಿದ್ದರು. ಒಟ್ಟು 47 ಕಾದಂಬರಿ!

ಇದೆಲ್ಲ ಅವರು ಕಣ್ಣಾರೆ ಕಂಡಿದ್ದು ತಾಯಿಯಲ್ಲಿ. ಆ ತಾಯಿ ಫ್ರಾನ್ಸಿಸ್. ಮೊದಲ ಪುಸ್ತಕ ಬಂದಾಗ ಆಕೆಗೆ ಐವತ್ತು ದಾಟಿತ್ತು. ಗಂಡನ ತಲೆ ಮೇಲೆ ಸಾಲ. ಸಾಲಗಾರರ ಕೈಗೆ ಸಿಗಬಾರದು ಅಂತ ಊರು ಬಿಟ್ಟು ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣ ಸೇರಿದರು. ಅಲ್ಲಿ ಗಂಡನೂ ಹಾಸಿಗೆ ಹಿಡಿದರು, ಒಬ್ಬ ಮಗನೂ ಹಾಸಿಗೆ ಹಿಡಿದ. ಇಬ್ಬರೂ ಉಳಿಯಲಿಲ್ಲ. ಆ ದಿನಗಳಲ್ಲಿ ಅಮ್ಮನ ಕೋಣೆಯಲ್ಲಿ ಔಷಧಿ ಸೀಸೆ ಮತ್ತು ಮಸಿಕುಡಿಕೆ ಎರಡಕ್ಕೂ ಒಂದೇ ಸಮನಾದ ಜಾಗ ಇತ್ತು ಅಂತ ಮಗ ನೆನೆಸಿಕೊಳ್ಳುತ್ತಾರೆ. ರೋಗಿಗಳ ಆರೈಕೆ ಮಾಡುತ್ತಲೇ ಆಕೆ ಕಾದಂಬರಿ ಬರೆದರು. ಬರೆದರೆ ಮನೆಯವರಿಗೆ ಊಟ. ಆ ತಾಯಿಗೆ ಯಾವ ಮೂಡ್ ಇತ್ತು, ಹೇಳಿ! ಹೊತ್ತು ಇತ್ತು. ಆ ಹೊತ್ತಿಗೆ ಕೂತರು.

ಇವರಿಬ್ಬರ ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬರೆಯುವಾಗ ತಿದ್ದಬೇಡಿ, ತಿದ್ದುವುದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಮುಂದಿನ ಸಾಲು ಇನ್ನೂ ತಲೆಯಲ್ಲಿರುವಾಗಲೇ ಆ ದಿನಕ್ಕೆ ನಿಲ್ಲಿಸಿ, ನಾಳೆಗೆ ಹಿಡಿ ಸಿಗುತ್ತದೆ. ಮೊದಲ ವಾಕ್ಯ ಸಿಗದಿದ್ದರೆ ನಡುವಿನಿಂದ ಶುರು ಮಾಡಿ.

ಒಮ್ಮೆ ಕಮ್ಮಟಕ್ಕೆ ಒಬ್ಬರು ನಿವೃತ್ತ ಶಿಕ್ಷಕಿ ಬಂದಿದ್ದರು. ಬಾಲ್ಯದ ಬಗ್ಗೆ ಬರೆಯಬೇಕು ಅಂತ ಮೂರು ವರ್ಷದಿಂದ ಒದ್ದಾಡುತ್ತಿದ್ದರು. ನೋಟ್‌ಬುಕ್ ಕೊಟ್ಟರು. 200 ಪುಟದ್ದು, ಕೈಗೆ ತೆಗೆದುಕೊಂಡರೆ ಹಗುರ. ತೆರೆದು ನೋಡಿದೆ. ಹೊಲಿಗೆಯ ಹತ್ತಿರ ಹರಿದ ಹಾಳೆಗಳ ಅಂಚು ಸಾಲಾಗಿ ನಿಂತಿತ್ತು. ಉಳಿದ ಹಾಳೆಯಲ್ಲಿ "ನಾನು ಹುಟ್ಟಿದ್ದು" ಅಂತ ಎರಡೇ ಪದ, ಅದನ್ನೂ ಹೊಡೆದು ಹಾಕಿದ್ದರು.

"ಹುಟ್ಟಿದ್ದು ಆಮೇಲೆ ಬರೆಯಿರಿ ಮೇಡಂ. ನಿಮ್ಮ ಮನೆ ಬಾವಿಯ ರಾಟೆ ಹೇಗೆ ಸದ್ದು ಮಾಡುತ್ತಿತ್ತು, ಅದನ್ನು ಬರೆಯಿರಿ. ಅರ್ಧ ಗಂಟೆ ಪೆನ್ನು ಎತ್ತಬೇಡಿ" ಅಂದೆ. ಒಂದೂವರೆ ಪುಟ ಬರೆದರು. ಕತ್ತಲಿರುವಾಗಲೇ ಅಮ್ಮ ನೀರು ಸೇದುವುದು, ಆ ಕಿರ್ರ್ ಅನ್ನುವ ಸದ್ದು ನಿಂತ ಕೂಡಲೇ ಮಕ್ಕಳೆಲ್ಲ ಹಾಸಿಗೆ ಮಡಚಬೇಕಾಗಿದ್ದದ್ದು. ಓದುವಾಗ ಅವರ ಗಂಟಲು ಕಟ್ಟಿತು. ಹೋಗುವಾಗ ಒಂದು ಹೊತ್ತು ಗೊತ್ತು ಮಾಡಿಸಿ ಕಳಿಸಿದೆ. ಮಧ್ಯಾಹ್ನ ಮೂರರಿಂದ ಮೂರೂವರೆ.

ಈಗ ಆ ಹೊತ್ತಿನಲ್ಲಿ ಅವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ.

ನಮಸ್ಕಾರ.