ಡಿಸ್ಕಿನಲ್ಲಿ ಉಳಿದ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಜಮೀನಿನ ವ್ಯಾಜ್ಯದಲ್ಲಿ ‘ಸ್ಟೇ ತಂದಿದ್ದಾರಂತೆ’ ಅನ್ನುವ ಮಾತು ನಮಗೆ ಹೊಸದಲ್ಲ. ಕೇಸು ತೀರುವವರೆಗೆ ಮರ ಕಡಿಯಬೇಡ, ಬೇಲಿ ಕೀಳಬೇಡ ಎನ್ನುವ ತಡೆಯಾಜ್ಞೆ ಅದು. ಆದರೆ ಕಣ್ಣಿಗೇ ಕಾಣದ ಸಾಫ್ಟ್‌ವೇರ್ ನಕಲಾಗಿದೆ ಅಂದರೆ?

ಅಮೆರಿಕದಲ್ಲಿ 1982ರಲ್ಲಿ ಫ್ರಾಂಕ್ಲಿನ್ ಎಂಬ ಕಂಪನಿ ಏಸ್ 100 ಕಂಪ್ಯೂಟರ್ ಮಾರಲು ಶುರುಮಾಡಿತು. ಆಪಲ್ 2ಕ್ಕೆಂದು ಬರೆದ ಪ್ರೋಗ್ರಾಮುಗಳು ಅದರಲ್ಲೂ ನಡೆಯುತ್ತಿದ್ದವು. ತನ್ನ 14 ಪ್ರೋಗ್ರಾಮುಗಳನ್ನು ನಕಲು ಮಾಡಿದ್ದಾರೆಂದು ಆಪಲ್ ಪೆನ್ಸಿಲ್ವೇನಿಯಾದ ಕೋರ್ಟಿಗೆ ಹೋಯಿತು. ಫ್ರಾಂಕ್ಲಿನ್‌ನ ಡಿಸ್ಕ್ ತೆರೆದು ನೋಡಿದರೆ ಆಪಲ್‌ನ ಪ್ರೋಗ್ರಾಮರ್ ಒಬ್ಬರ ಹೆಸರು ಅದರೊಳಗೆ ಹಾಗೇ ಕೂತಿತ್ತು! ನಕಲು ಮಾಡಿಲ್ಲ ಎಂದು ಫ್ರಾಂಕ್ಲಿನ್ ವಾದಿಸಲೂ ಇಲ್ಲ. ಚಿಪ್ಪಿನೊಳಗಿನ ಪ್ರೋಗ್ರಾಮು ಮನುಷ್ಯರು ಓದುವ ಬರಹವಲ್ಲ, ಯಂತ್ರದ ಭಾಗ, ಅದಕ್ಕೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಎಲ್ಲಿಯದು ಎಂದಿತು.

ಕೆಳ ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. ಆಪಲ್‌ನಲ್ಲಿ ಸುಮಾರು 3,000 ನೌಕರರು, ಫ್ರಾಂಕ್ಲಿನ್‌ನಲ್ಲಿ ಸುಮಾರು 75. ಸಣ್ಣದು ಮುಳುಗಿಹೋಗುತ್ತದೆ ಎಂಬ ಮರುಕ ಸಹಜವೇ. ಆದರೆ 1983ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಚಿಪ್ಪಿನಲ್ಲಿದ್ದರೂ ಪ್ರೋಗ್ರಾಮಿಗೆ ಕೃತಿಸ್ವಾಮ್ಯ ಉಂಟು. ಗೊತ್ತಿದ್ದೂ ನಕಲಿನ ಮೇಲೆ ವ್ಯಾಪಾರ ಕಟ್ಟಿದವರು, ವ್ಯಾಪಾರ ಹಾಳಾಗುತ್ತದೆಂದು ರಕ್ಷಣೆ ಕೇಳುವಂತಿಲ್ಲ ಎಂದಿತು. ನನಗೆ ಇಡೀ ತೀರ್ಪಿನಲ್ಲಿ ಬಹಳ ಹಿಡಿಸುವ ಮಾತು ಇದೇ. 1984ರಲ್ಲಿ ಫ್ರಾಂಕ್ಲಿನ್ 25 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ನಮ್ಮಲ್ಲಿ ಇಂಥ ತಡೆಯಾಜ್ಞೆ ಬೇಕಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಕೆಳಗೆ ಅರ್ಜಿ ಹಾಕಬೇಕು. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯೇ, ತಡೆ ಕೊಟ್ಟರೆ ಯಾರಿಗೆ ಹೆಚ್ಚು ತೊಂದರೆ, ಕೊಡದಿದ್ದರೆ ದುಡ್ಡಿನಿಂದ ತುಂಬಲಾಗದ ನಷ್ಟವೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಫೈಲುಗಳನ್ನು ಅಳಿಸಿಬಿಡುವ ಭಯವಿದ್ದರೆ ಎದುರುಪಕ್ಷಕ್ಕೆ ತಿಳಿಸದೆಯೇ ಆದೇಶ ಆಗಬಹುದು. ಆಗ ಕೋರ್ಟ್ ನೇಮಿಸಿದ ಕಮಿಷನರ್ ಕಚೇರಿ ಬಾಗಿಲಿಗೆ ಬಂದು, ಒಂದೊಂದೇ ಕಂಪ್ಯೂಟರ್ ತೆರೆಸಿ, ಹಾರ್ಡ್ ಡಿಸ್ಕಿನ ಪ್ರತಿ ತೆಗೆಸಿಕೊಳ್ಳುತ್ತಾರೆ.

ಆ ಕಚೇರಿಯವರು ನಿಜಕ್ಕೂ ತಾವೇ ಬರೆದವರಾಗಿದ್ದರೆ? ಸಂಬಳ ಕೊಡಬೇಕು, ಗ್ರಾಹಕರು ಫೋನ್ ಮಾಡುತ್ತಿರುತ್ತಾರೆ, ಮಾರಾಟ ನಿಂತಿರುತ್ತದೆ. ಅದಕ್ಕೇ ಇಂಥ ಏಕಪಕ್ಷೀಯ ಆದೇಶದ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಕೋರ್ಟ್ ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಎಂದು ಅದೇ 39ನೇ ಆದೇಶದಲ್ಲಿದೆ. ನಿಮ್ಮ ಮೇಲೇ ಇಂಥ ಆದೇಶ ಬಂದರೆ, ಮೊದಲ ದಿನವೇ ವಕೀಲರ ಕೈಗೆ ಕೊಡಬೇಕಾದ್ದು ನೀವು ತಾರೀಖುವಾರು ಉಳಿಸಿಕೊಂಡ ಹಳೆಯ ಕೋಡ್ ಪ್ರತಿಗಳನ್ನು.

ನಮಸ್ಕಾರ.